ಅಂಬಾಸಿಡರ್ ಗಾಡಿಯ ಎಂಜಿನು: ಅದರ ಅಳತೆಗಳೂ ಬೇನೆಗಳೂ

ನಾವು ಕಾಲೇಜಿನಲ್ಲಿ ಓದುತ್ತಿದ್ದ ಕಾಲದ ಮಾತು. ಗೆಳೆಯರು ಐದು ಮಂದಿ ಹಳೆಯದೊಂದು ಬಾಡಿಗೆಯ ಅಂಬಾಸಿಡರ್ ಗಾಡಿಯಲ್ಲಿ ಉಜಿರೆಯಿಂದ ಚಾರ್ಮಾಡಿ ಘಾಟಿಯ ಮಾರ್ಗವಾಗಿ ಕೊಟ್ಟಿಗೆಹಾರಕ್ಕೆ ಹೊರಟಿದ್ದೆವು. ಅರ್ಧ ಘಾಟಿಯನ್ನು ಏರುವಷ್ಟರಲ್ಲಿ ಗಾಡಿಯ ಮುಂಭಾಗದಿಂದ ಆವಿ ಏಳತೊಡಗಿತು. ಚಾಲಕರು ಗಾಡಿಯನ್ನು ಬದಿಗೆ ನಿಲ್ಲಿಸಿ, “ಯಾರೂ ಮುಚ್ಚಳವನ್ನು ಮುಟ್ಟಬೇಡಿ” ಎಂದು ಹೇಳಿ, ನೀರು ತರಲು ತೊರೆಯ ಕಡೆಗೆ ಹೋದರು. ಅವರು ಮರಳುವುದರೊಳಗಾಗಿ ನಮ್ಮಲ್ಲೊಬ್ಬನು ಕರವಸ್ತ್ರವನ್ನು ಹಿಡಿದು ರೇಡಿಯೇಟರಿನ ಮುಚ್ಚಳವನ್ನು ತಿರುವಿದನು. ಕುದಿಯುವ ನೀರು ಕಾರಂಜಿಯಂತೆ ಚಿಮ್ಮಿತು. ಮುಂಗೈಯಿಂದ ಮೊಳಕೈಯವರೆಗೆ ಅವನ ಚರ್ಮ ಬೆಂದುಹೋಯಿತು.

ಅದೇ ತಿಂಗಳು ನಡೆದ ಪರೀಕ್ಷೆಯಲ್ಲಿ, ಒತ್ತಡ ಹೆಚ್ಚಿದಂತೆ ದ್ರವದ ಕುದಿಬಿಂದುವೂ ಏರುವುದೆಂಬುದನ್ನು ವಿವರಿಸಿ ನಾವೈವರೂ ಒಳ್ಳೆಯ ಅಂಕಗಳನ್ನು ಪಡೆದಿದ್ದೆವು. ಪುಸ್ತಕದಲ್ಲಿ ಓದಿದ ನೀರೂ ಆ ಮುಚ್ಚಳದ ಕೆಳಗಿದ್ದ ನೀರೂ ಒಂದೇ ಎಂಬುದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹಳೆಯ ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಬೇನೆಯ ಹಿಂದೆಯೂ ನಾವು ತರಗತಿಯಲ್ಲಿ ಕಲಿತ ಯಾವುದಾದರೊಂದು ನಿಯಮವಿರುತ್ತದೆ. ಅದನ್ನು ಗುರುತಿಸುವುದು ಹೇಗೆಂಬುದನ್ನು ಇಲ್ಲಿ ನೋಡೋಣ.

ಎಂಜಿನ್ನಿನ ಅಳತೆಗಳು

ಅಂಬಾಸಿಡರ್ ಗಾಡಿಯನ್ನು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತಿದ್ದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯೇ ಇದರ ಮೂಲ. 1959ರಲ್ಲಿ ಇದಕ್ಕೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯ ಎಂಜಿನನ್ನು ಅಳವಡಿಸಿದರು. 2014ರಲ್ಲಿ ಗಾಡಿಯ ತಯಾರಿಕೆಯೇ ನಿಂತುಹೋಯಿತು. ಆದರೂ ಈ ಎಂಜಿನ್ನಿರುವ ಗಾಡಿಗಳು ಅಭಿಮಾನಿಗಳ ಮನೆಗಳಲ್ಲಿ ಇನ್ನೂ ಉಳಿದಿವೆ.

ಇದರಲ್ಲಿ ಒಂದೇ ಸಾಲಿನಲ್ಲಿ ನಿಂತ ನಾಲ್ಕು ಸಿಲಿಂಡರುಗಳಿವೆ. ಪ್ರತಿಯೊಂದರ ಒಳವ್ಯಾಸ 73.025 ಮಿಲಿಮೀಟರು, ಪಿಸ್ಟನ್ನು ಮೇಲಿಂದ ಕೆಳಕ್ಕೆ ಚಲಿಸುವ ದೂರ 88.9 ಮಿಲಿಮೀಟರು. ಈ ಸಂಖ್ಯೆಗಳು ವಿಚಿತ್ರವಾಗಿ ತೋರಬಹುದು. ಅಂಗುಲಗಳಲ್ಲಿ ಹೇಳಿದರೆ ಅವು 2.875 ಮತ್ತು 3.5; ಎಂಜಿನ್ನಿನ ಹುಟ್ಟೂರನ್ನು ಅಳತೆಯೇ ಹೇಳುತ್ತದೆ. ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 41.88 ಚದರ ಸೆಂಟಿಮೀಟರು. ಇದನ್ನು 8.89ರಿಂದ ಗುಣಿಸಿದರೆ ಸುಮಾರು 372.3 ಘನ ಸೆಂಟಿಮೀಟರು ಬರುತ್ತದೆ. ನಾಲ್ಕು ಸಿಲಿಂಡರುಗಳಿಗೆ ಒಟ್ಟು 1489. ಹಿಂದೆ ‘1489 ಸಿ.ಸಿ.’ ಎಂದು ಹೇಳುತ್ತಿದ್ದುದರ ಅರ್ಥ ಇಷ್ಟೇ. ಎಂಜಿನ್ನಿನ ಸಾಮರ್ಥ್ಯ ಸುಮಾರು 55 ಅಶ್ವಶಕ್ತಿ.

ಹೀರುವುದು, ಅಮುಕುವುದು, ಉರಿದು ತಳ್ಳುವುದು, ಹೊಗೆಯನ್ನು ಹೊರಹಾಕುವುದು ಎಂಬ ನಾಲ್ಕು ಹೊಡೆತಗಳನ್ನು ನಮ್ಮ ಓದುಗರು ಬಲ್ಲರು. ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಕ್ರಮ 1, 3, 4, 2. ಈ ಎಂಜಿನ್ನಿನ ರಚನೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಗಾಳಿ–ಪೆಟ್ರೋಲುಗಳ ಮಿಶ್ರಣವು ಒಳಹೋಗುವ ದ್ವಾರಗಳೂ ಉರಿದ ಅನಿಲವು ಹೊರಬರುವ ದ್ವಾರಗಳೂ ಒಂದೇ ಪಕ್ಕದಲ್ಲಿವೆ. ಆದುದರಿಂದ ಮಿಶ್ರಣವನ್ನು ಸಿದ್ಧಪಡಿಸುವ ಕಾರ್ಬ್ಯುರೇಟರು ಕಾದ ಹೊಗೆನಳಿಗೆಗಳ ನೆರೆಯಲ್ಲಿಯೇ ಇರಬೇಕಾಗಿದೆ. ಇದರ ಫಲವನ್ನು ಮುಂದೆ ಕಾಣುವೆವು.

ಕುದಿಯುವ ರೇಡಿಯೇಟರು

ಪೆಟ್ರೋಲು ಕೊಡುವ ಉಷ್ಣದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಉಳಿದುದರಲ್ಲಿ ಹೆಚ್ಚಿನದು ಹೊಗೆಯೊಡನೆಯೂ ತಂಪುಮಾಡುವ ನೀರಿನೊಡನೆಯೂ ಹೊರಹೋಗಬೇಕು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 7,600 ಕಿಲೋಕ್ಯಾಲೊರಿ ಉಷ್ಣ ಹುಟ್ಟುವುದು. ಇದರಲ್ಲಿ ನೂರಕ್ಕೆ 30ರಷ್ಟು ನೀರಿಗೆ ಸೇರಿತೆಂದು ಎಣಿಸಿದರೂ, ಅದು 25 ಡಿಗ್ರಿಯ 30 ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಒಂದು ಲೀಟರು ಪೆಟ್ರೋಲು ಮುಗಿಯುವುದರೊಳಗೆ ಇಷ್ಟು ಉಷ್ಣವನ್ನು ರೇಡಿಯೇಟರು ಗಾಳಿಗೆ ಒಪ್ಪಿಸಬೇಕು. ಘಾಟಿಯಲ್ಲಾದರೋ ಎಂಜಿನು ಶ್ರಮಿಸಿ ತಿರುಗುತ್ತಿರುತ್ತದೆ. ಗಾಡಿ ಮಾತ್ರ ಮೆಲ್ಲನೆ ಏರುವುದರಿಂದ ಎದುರುಗಾಳಿ ಸಾಲದು. ಕೊಳವೆಗಳಲ್ಲಿ ಕಿಲುಬು ಕಟ್ಟಿದ್ದರೆ, ಬೀಸಣಿಗೆಯ ಪಟ್ಟಿ ಸಡಿಲವಾಗಿದ್ದರೆ ಕುದಿತವು ಖಂಡಿತ.

ಕುದಿಯುವುದನ್ನು ತಡೆಯಲು ಮುಚ್ಚಳಕ್ಕೆ ಒಂದು ಸ್ಪ್ರಿಂಗನ್ನು ಅಳವಡಿಸಿರುತ್ತಾರೆ. ಅದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಹೆಚ್ಚಾಗಿ ಕಾಯ್ದಿಡುತ್ತದೆ. ಒಟ್ಟು ಒತ್ತಡ ಒಂದೂವರೆ ವಾಯುಭಾರವಾದರೆ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದು. ಮುಚ್ಚಳದ ರಬ್ಬರು ಜೀರ್ಣವಾಗಿದ್ದರೆ ಈ ರಕ್ಷಣೆ ಇಲ್ಲ. ಸಾವಿರ ಮೀಟರು ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಇನ್ನು ನಮ್ಮ ಗೆಳೆಯನ ಕೈಯ ಲೆಕ್ಕ. ಒಳಗಿನ ನೀರು 110 ಡಿಗ್ರಿಯಲ್ಲಿತ್ತೆಂದು ಭಾವಿಸೋಣ. ಮುಚ್ಚಳ ತೆರೆದೊಡನೆ ಒತ್ತಡ ಇಳಿಯಿತು. ನೀರು 100 ಡಿಗ್ರಿಯ ಆಸುಪಾಸಿಗೆ ಇಳಿಯಲೇಬೇಕು. ಪ್ರತಿ ಗ್ರಾಮಿನಲ್ಲಿ ಹೆಚ್ಚಾಗಿ ಉಳಿದ 10 ಕ್ಯಾಲೊರಿ ಆವಿಯನ್ನು ಹುಟ್ಟಿಸಲು ವ್ಯಯವಾಗುತ್ತದೆ. ಆವಿಯ ಗುಪ್ತೋಷ್ಣ ಗ್ರಾಮಿಗೆ 540 ಕ್ಯಾಲೊರಿ. ಆದುದರಿಂದ ಒಂದು ಲೀಟರು ನೀರಿನಲ್ಲಿ ಸುಮಾರು 18 ಗ್ರಾಮು ಮಾತ್ರ ಆವಿಯಾಗುವುದು. ಅಲ್ಪವೆಂದು ತೋರಿತೆ? ಆದರೆ ಈ 18 ಗ್ರಾಮು ಆವಿ 30 ಲೀಟರು ಜಾಗವನ್ನು ಬೇಡುತ್ತದೆ. ಅದು ಉಳಿದ ಕುದಿನೀರನ್ನೆಲ್ಲ ತನ್ನ ಮುಂದೆ ತಳ್ಳಿಕೊಂಡು ಒಂದೇ ಬಾಯಿಂದ ಹೊರನುಗ್ಗುತ್ತದೆ. ಕರವಸ್ತ್ರವು ಇದನ್ನು ತಡೆದೀತೆ? ಎಂಜಿನು ಆರಿ, ಮೇಲಿನ ರಬ್ಬರು ಕೊಳವೆಯನ್ನು ಬರಿಗೈಯಲ್ಲಿ ಹಿಡಿಯುವಂತಾಗುವವರೆಗೆ ಕಾಯಬೇಕು. ಆಮೇಲೆಯೂ ಕಾದ ಎರಕದ ಕಬ್ಬಿಣಕ್ಕೆ ತೊರೆಯ ತಣ್ಣೀರನ್ನು ಒಮ್ಮೆಲೇ ಸುರಿಯಲಾಗದು. ಅಸಮವಾಗಿ ಕುಗ್ಗಿ ಅದು ಬಿರುಕುಬಿಡಬಹುದು.

ನಿಂತ ಮೇಲೆ ಮೇಲೇಳದ ಗಾಡಿ

ಬಿಸಿಲಿನಲ್ಲಿ ಚೆನ್ನಾಗಿ ಓಡಿದ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹೊರಡದೆ ಹಟಮಾಡುವುದುಂಟು. ಪೆಟ್ರೋಲು ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಗಾಡಿ ನಿಂತೊಡನೆ ಬೀಸಣಿಗೆಯ ಗಾಳಿ ನಿಲ್ಲುತ್ತದೆ; ಹೊಗೆನಳಿಗೆಯ ಉಷ್ಣವು ಮೇಲಕ್ಕೇರಿ ಕಾರ್ಬ್ಯುರೇಟರನ್ನು ಕಾಯಿಸುತ್ತದೆ. ಒಳಗಿನ ಪೆಟ್ರೋಲು ಉಕ್ಕಿ ಸಿಲಿಂಡರುಗಳಿಗೆ ಅಗತ್ಯಕ್ಕಿಂತ ಹೆಚ್ಚಾಗಿ ಸೇರುತ್ತದೆ. ನಳಿಗೆಯಲ್ಲಾಗಲಿ ಪಂಪಿನಲ್ಲಾಗಲಿ ಆವಿ ತುಂಬಿದರೆ ಇದಕ್ಕೆ ವಿರುದ್ಧವಾದ ತೊಂದರೆ: ಪಂಪು ಆವಿಯನ್ನು ಅಮುಕುತ್ತದೆ, ಸಡಿಲಿಸುತ್ತದೆ, ದ್ರವ ಮಾತ್ರ ಮುಂದೆ ಸಾಗದು. ಹಳೆಯ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸುತ್ತಿದ್ದರು. ಹೂಜಿಯ ನೀರನ್ನು ತಣ್ಣಗಿಡುವ ನಿಯಮವೇ ಇಲ್ಲಿಯೂ ನೆರವಾಗುತ್ತದೆ.

ಕಿಡಿಯ ದೋಷಗಳು

ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನಲ್ಲಿ ಕಿಡಿ ಹಾರಲು ಬೇಕಾದುದು ಸಾವಿರಾರು ವೋಲ್ಟು. ಪ್ರೇರಣ ಸುರುಳಿಯ ಮೊದಲ ಮಂಡಲದ ಪ್ರವಾಹವನ್ನು ಥಟ್ಟನೆ ಕಡಿದರೆ ಎರಡನೆಯ ಮಂಡಲದಲ್ಲಿ ಇಷ್ಟು ವೋಲ್ಟೇಜು ಹುಟ್ಟುವುದೆಂಬುದು ಫ್ಯಾರಡೆಯ ನಿಯಮ. ಕಡಿಯುವ ಕೆಲಸ ‘ಪಾಯಿಂಟು’ಗಳದು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅವು ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತವೆ. ತೆರೆಯುವಾಗ ಪ್ರವಾಹವು ಸಂದಿನಲ್ಲಿ ಜಿಗಿಯದಂತೆ ತಡೆಯುವುದು ಕಂಡೆನ್ಸರು. ಅದು ಕೆಟ್ಟರೆ ಪಾಯಿಂಟುಗಳು ಸುಟ್ಟು ಕರಕಾಗುತ್ತವೆ, ಪ್ರವಾಹವು ನಿಧಾನವಾಗಿ ಇಳಿಯುತ್ತದೆ, ಕಿಡಿ ಕಳೆಗುಂದುತ್ತದೆ.

ಪಾಯಿಂಟುಗಳ ನಡುವಣ ಸಂದು ಸುಮಾರು 0.4 ಮಿಲಿಮೀಟರು ಇರಬೇಕು. ಅವುಗಳನ್ನು ತೆರೆಸುವ ಹಿಮ್ಮಡಿಯು ಸವೆದಂತೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ತಡವಾಗಿ ಹೊತ್ತಿದ ಮಿಶ್ರಣದ ಉಷ್ಣದಲ್ಲಿ ಪಿಸ್ಟನ್ನಿಗೆ ಸಲ್ಲುವ ಪಾಲು ಕಡಿಮೆ. ನೀರಿಗೂ ಹೊಗೆಗೂ ಸಲ್ಲುವ ಪಾಲು ಹೆಚ್ಚು. ಆಗ ಶಕ್ತಿ ಕುಂದುತ್ತದೆ, ರೇಡಿಯೇಟರು ಕುದಿಯುತ್ತದೆ. ನೋಡಿದಿರಾ! ಘಾಟಿಯಲ್ಲಿ ನೀರು ಕುದಿಯಿತೆಂದು ರೇಡಿಯೇಟರನ್ನೇ ಬದಲಾಯಿಸಿ ಹಣ ಕಳೆದುಕೊಂಡವರುಂಟು. ದೋಷವಿದ್ದುದು ಕೂದಲೆಳೆಯಷ್ಟು ಸವೆದ ಒಂದು ಚೂರಿನಲ್ಲಿ.

ಒತ್ತಡದ ಸೋರಿಕೆ

ಮಿಶ್ರಣವನ್ನು ಏಳೆಂಟರಲ್ಲೊಂದು ಪಾಲಿಗೆ ಅಮುಕಿದರೆ ಮಾತ್ರ ಅದು ಬಲವಾಗಿ ಉರಿಯುವುದು. ಪಿಸ್ಟನ್ನಿನ ಉಂಗುರಗಳು ಸವೆದರೆ ಎಣ್ಣೆ ಮೇಲಕ್ಕೇರಿ ನೀಲಿ ಹೊಗೆ ಕಾಣುತ್ತದೆ. ಕವಾಟಗಳ ಪೀಠಗಳು ಸವೆದರೆ ಕವಾಟಗಳು ಬಿಗಿಯಾಗಿ ಕೂಡುವುದಿಲ್ಲ. ಹಿಂದಿನ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸದ ಸಂಯುಕ್ತವು ಈ ಪೀಠಗಳ ಮೇಲೆ ತೆಳುವಾದ ಲೇಪವನ್ನು ಕಟ್ಟುತ್ತಿತ್ತು. ಆದರೆ ಸೀಸವು ವಿಷ. ಮಕ್ಕಳ ಮಿದುಳಿಗೆ ಬಹಳ ಹಾನಿಕರ. ಭಾರತದಲ್ಲಿ 2000ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿದುದು ಉಚಿತವೇ ಆಯಿತು. ಹಳೆಯ ಎಂಜಿನ್ನಿನವರು ಗಟ್ಟಿಯಾದ ಲೋಹದ ಪೀಠಗಳನ್ನು ಕೂರಿಸಿಕೊಳ್ಳಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ಹಳೆಯ ರಬ್ಬರು ನಳಿಗೆಗಳನ್ನು ಕೆಡಿಸುವುದರಿಂದ ಅವುಗಳನ್ನೂ ಬದಲಾಯಿಸುವುದು ಕ್ಷೇಮ.

ವಿಚಾರಿಸುವ ಕ್ರಮ

ಪೆಟ್ರೋಲ್ ಎಂಜಿನು ಬೇಡುವುದು ನಾಲ್ಕನ್ನು: ತಕ್ಕ ಮಿಶ್ರಣ, ತಕ್ಕ ಹೊತ್ತಿನಲ್ಲಿ ಕಿಡಿ, ಸೋರದ ಒತ್ತಡ, ಹೆಚ್ಚಾದ ಉಷ್ಣಕ್ಕೆ ಹೊರದಾರಿ. ಗಾಡಿ ಕೆಟ್ಟಾಗ ಈ ನಾಲ್ಕನ್ನು ಒಂದೊಂದಾಗಿ ಪರೀಕ್ಷಿಸಬೇಕು. ಪ್ಲಗ್ಗಿನ ತುದಿ ತಿಳಿಕಂದಾಗಿದ್ದರೆ ಉರಿತ ಸರಿಯಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ಮೇಲೆ ಸಂದೇಹಪಡಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಬೇಕು. ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಕ್ರಮವೂ ಇದೇ ಅಲ್ಲವೆ?

ಗೆಳೆಯನ ಕೈ ಮಾಯಲು ಎರಡು ತಿಂಗಳು ಹಿಡಿಯಿತು. ಕಲೆ ಇನ್ನೂ ಉಳಿದಿದೆ. ಆ ದಿನ ಮುಚ್ಚಳವನ್ನು ಮುಟ್ಟಬಾರದೆಂದು ಹೇಳಿದ ಚಾಲಕರು ಭೌತಶಾಸ್ತ್ರವನ್ನು ಓದಿದವರಲ್ಲ, ಆದರೆ ನೀರಿನ ಸ್ವಭಾವವನ್ನು ಬಲ್ಲವರು. ನಾವು ಅದನ್ನು ಓದಿದ್ದೆವು, ಆದರೆ ಬಲ್ಲವರಾಗಿರಲಿಲ್ಲ. ಇಂದು ಉಷ್ಣದ ಪಾಠವನ್ನು ತರಗತಿಯಲ್ಲಿ ಆರಂಭಿಸುವಾಗ ನಾವು ಸೂತ್ರಕ್ಕಿಂತ ಮೊದಲು ಹಳೆಯ ರೇಡಿಯೇಟರಿನ ಮುಚ್ಚಳವೊಂದನ್ನು ಮೇಜಿನ ಮೇಲೆ ಇಡುತ್ತೇವೆ.