ನಂಬರ್ ಹೆಚ್ಚಿಸಿದರೆ ಕಾಲಿಗೆ ಜಾಗ ಸಿಗದು
ಮಹಿಳೆಯರ ಪಾದರಕ್ಷೆ: ದಿನಬಳಕೆಯ ಚಪ್ಪಲಿಯಿಂದ ದುಬಾರಿ ಹೀಲ್ಸ್‌ವರೆಗೆ ಆಯ್ಕೆ ಹೇಗೆ?

ಪಾದರಕ್ಷೆ ಅಂಗಡಿಗೆ ಹೋದ ಹೆಂಗಸರಲ್ಲಿ ಹೆಚ್ಚಿನವರು ಕುಳಿತುಕೊಳ್ಳುವ ಮೊದಲೇ ನಂಬರ್ ಹೇಳಿಬಿಡುತ್ತಾರೆ: ‘ನಂದು ಐದು.’ ಆ ಐದು ಯಾವಾಗ ಅಳೆದದ್ದು ಎಂದು ಕೇಳಿದರೆ, ಕಾಲೇಜಿಗೆ ಹೋಗುತ್ತಿದ್ದಾಗಿನದು. ಅಲ್ಲಿಂದೀಚೆಗೆ ಹೆರಿಗೆ ಆಗಿದೆ, ತೂಕ ಏರಿದೆ, ದಿನವಿಡೀ ನಿಂತು ಮಾಡುವ ಕೆಲಸ ಸೇರಿಕೊಂಡಿದೆ. ಪಾದ ಮೊದಲಿನಂತೆ ಉಳಿದಿರುವುದಿಲ್ಲ. ಹೊಸ ಬೆಲ್ಲೀಸ್ ಬೆರಳ ಬುಡದಲ್ಲಿ ಒತ್ತುತ್ತದೆ, ‘ಮುಂದಿನ ನಂಬರ್ ಕೊಡಿ’ ಎನ್ನುತ್ತಾರೆ. ಅದು ಹಿಮ್ಮಡಿಯಲ್ಲಿ ಜಾರುತ್ತದೆ, ಜಾರದಿರಲೆಂದು ಅಂಗಡಿಯವರು ಒಳಗೊಂದು ಸ್ಪಂಜಿನ ತುಂಡು ಅಂಟಿಸಿ ಬಿಲ್ ಮಾಡುತ್ತಾರೆ. ವಾರದೊಳಗೆ ಹಿಮ್ಮಡಿಯಲ್ಲಿ ಗುಳ್ಳೆ, ತಿಂಗಳೊಳಗೆ ಬೆರಳ ಮೇಲೆ ಆಣಿ. ಇಷ್ಟಕ್ಕೆಲ್ಲ ಕಾರಣ ಒಂದೇ ತಪ್ಪು: ಅಗಲದ ಕೊರತೆಯನ್ನು ಉದ್ದದಿಂದ ತುಂಬಲು ಹೋಗುವುದು. ಅದನ್ನು ತಿದ್ದುವುದೇ ಈ ಲೇಖನದ ಉದ್ದೇಶ.

ಮೊದಲು ನಂಬರಿನ ಲೆಕ್ಕ

ನಮ್ಮ ಅಂಗಡಿಗಳಲ್ಲಿ ಎರಡು ಲೆಕ್ಕ ನಡೆಯುತ್ತವೆ. ಬ್ರಿಟಿಷ್ ಲೆಕ್ಕದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಯುರೋಪಿನ ಲೆಕ್ಕದಲ್ಲಿ ಆ ಅಂತರ 6.67 ಮಿ.ಮೀ. ಬ್ರಿಟಿಷ್ 4 ಹೆಚ್ಚುಕಡಿಮೆ ಯುರೋಪಿನ 37ಕ್ಕೆ, 5 ಎಂಬುದು 38ಕ್ಕೆ ಸಮ. ಕಂಪನಿಯಿಂದ ಕಂಪನಿಗೆ ಇದರಲ್ಲೂ ವ್ಯತ್ಯಾಸವಿದೆ. 38 ಎಂದರೆ ಶೂ ಹೊಲಿಯಲು ಬಳಸಿದ ಅಚ್ಚಿನ ಉದ್ದ, ಸುಮಾರು 25.3 ಸೆಂ.ಮೀ. ಬೆರಳ ಮುಂದೆ ಬಿಡುವ ಜಾಗವೂ ಅದರಲ್ಲಿ ಸೇರಿರುವುದರಿಂದ ಅದು ಸುಮಾರು 24 ಸೆಂ.ಮೀ. ಉದ್ದದ ಪಾದಕ್ಕೆ ಒಪ್ಪುತ್ತದೆ.

ಈ ಎರಡೂ ಲೆಕ್ಕ ನಮ್ಮ ಪಾದ ನೋಡಿ ಮಾಡಿದವಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರದ್ದಕ್ಕಿಂತ ಅಗಲ ಎಂಬುದು ಆಗ ಕಂಡುಬಂತು. ‘ಭಾ’ ಎಂಬ ಹೆಸರಿನಲ್ಲಿ ಭಾರತದ್ದೇ ಅಳತೆ ಪದ್ಧತಿ ರೂಪಿಸುವ ಕೆಲಸಕ್ಕೆ ಅದೇ ಆಧಾರ. ಅಂಗಡಿಯ ಕಪಾಟಿನಲ್ಲಿ ಆ ಅಳತೆಯ ಶೂ ಸಿಗುವವರೆಗೂ ನಮ್ಮ ಅಗಲವನ್ನು ನಾವೇ ನೋಡಿಕೊಳ್ಳಬೇಕು.

ಹಂತ 1: ಮನೆಯಲ್ಲೇ ಅಳೆಯಿರಿ

ಸಂಜೆ ಅಳೆಯಿರಿ. ದಿನವಿಡೀ ಓಡಾಡಿದ ಪಾದ ಬೆಳಗ್ಗಿಗಿಂತ ಸ್ವಲ್ಪ ಊದಿರುತ್ತದೆ. ಗೋಡೆಗೆ ತಾಗುವಂತೆ ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಪೂರ್ತಿ ಭಾರ ಹಾಕಿ ನಿಲ್ಲಿ. ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ, ಹಾಗಾಗಿ ಕುಳಿತು ತೆಗೆದ ಅಳತೆ ಸರಿಬಾರದು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಇನ್ನೊಬ್ಬರು ಸುತ್ತ ಗೆರೆ ಎಳೆಯಲಿ. ನೀವೇ ಬಗ್ಗಿದರೆ ಭಾರ ಆಚೀಚೆಯಾಗಿ ಗೆರೆ ತಪ್ಪುತ್ತದೆ. ಆಮೇಲೆ ಮೂರು ಅಳತೆ ಬರೆದುಕೊಳ್ಳಿ:

• ಹಿಮ್ಮಡಿಯಿಂದ ಅತಿ ಉದ್ದದ ಬೆರಳ ತುದಿಯವರೆಗೆ. ಎಷ್ಟೋ ಜನರಿಗೆ ಅದು ಹೆಬ್ಬೆರಳಲ್ಲ, ಪಕ್ಕದ ಬೆರಳು.
• ಹಿಮ್ಮಡಿಯಿಂದ ಹೆಬ್ಬೆರಳ ಬುಡದಲ್ಲಿ ಉಬ್ಬಿರುವ ಗೆಣ್ಣಿನವರೆಗೆ.
• ಆ ಗೆಣ್ಣಿನಿಂದ ಕಿರುಬೆರಳ ಬುಡದ ಗೆಣ್ಣಿನವರೆಗೆ, ಅಂದರೆ ಅಗಲ.

ಎರಡೂ ಪಾದ ಅಳೆಯಿರಿ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಗೆರೆಯುದ್ದಕ್ಕೂ ಹಾಳೆ ಕತ್ತರಿಸಿ ಕೈಚೀಲದಲ್ಲಿಟ್ಟುಕೊಳ್ಳಿ.

ಹಂತ 2: ಕಾಗದದ ಪಾದದೊಂದಿಗೆ ಅಂಗಡಿಗೆ

ಕತ್ತರಿಸಿದ ಹಾಳೆಯನ್ನು ನೆಲದ ಮೇಲಿಟ್ಟು ಅದರ ಮೇಲೆ ಶೂ ಇಡಿ. ಶೂವಿನ ಅಂಚಿನಾಚೆ ಹಾಳೆ ಇಣುಕಿದರೆ ಆ ಶೂ ನಿಮ್ಮದಲ್ಲ, ಹಾಕಿ ನೋಡುವ ಅಗತ್ಯವೂ ಇಲ್ಲ. ಅಂಗಡಿಯಲ್ಲಿ ಕಾಲಳತೆಯ ಲೋಹದ ಫಲಕವಿದ್ದರೆ ಕೇಳಿ ಅಳೆಸಿಕೊಳ್ಳಿ. ಅಮೆರಿಕದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ ಫಲಕ ಮೇಲೆ ಹೇಳಿದ ಮೂರೂ ಅಳತೆ ಕೊಡುತ್ತದೆ. ಆದರೆ ಬಹುತೇಕ ಅಂಗಡಿಗಳಲ್ಲಿ ಅದರಿಂದ ಉದ್ದ ಮಾತ್ರ ಓದುತ್ತಾರೆ. ಅಗಲವನ್ನೂ ಓದಿ ಎಂದು ಸಂಕೋಚವಿಲ್ಲದೆ ಹೇಳಿ.

ಕಾಲುಂಗುರ ಹಾಕುವವರು ಅದನ್ನು ತೆಗೆಯದೆಯೇ ಹಾಕಿ ನೋಡಿ. ಮುಚ್ಚಿದ ಶೂ ಒಳಗೆ ಉಂಗುರ ಪಕ್ಕದ ಬೆರಳನ್ನು ಒತ್ತುವುದು ಅಂಗಡಿಯ ಐದು ನಿಮಿಷದಲ್ಲಿ ತಿಳಿಯುವುದಿಲ್ಲ, ಬಸ್ಸಿನಲ್ಲಿ ನಿಂತಾಗ ತಿಳಿಯುತ್ತದೆ. ಸಾಕ್ಸ್ ಹಾಕುವವರಾದರೆ ಅದೂ ಜೊತೆಗಿರಲಿ.

ಹಂತ 3: ಇಲ್ಲೇ ಎಡವುವುದು

ಈ ಹಂತವನ್ನು ನಿಧಾನವಾಗಿ ಓದಿ. ಶೂವನ್ನು ಒಂದು ಅಚ್ಚಿನ ಮೇಲೆ ಎಳೆದು ಹೊಲಿಯುತ್ತಾರೆ ಅಥವಾ ಅಂಟಿಸುತ್ತಾರೆ. ಆ ಅಚ್ಚಿನಲ್ಲಿ ಅತಿ ಅಗಲವಾದ ಜಾಗ ಒಂದೇ. ನಡೆಯುವಾಗ ಶೂ ಬಾಗುವುದೂ ಅಲ್ಲೇ. ನಿಮ್ಮ ಪಾದ ಬಾಗುವುದು ಹೆಬ್ಬೆರಳ ಬುಡದ ಗೆಣ್ಣಿನಲ್ಲಿ. ಇವೆರಡು ಒಂದರ ಮೇಲೊಂದು ಬಂದರೆ ಮಾತ್ರ ಶೂ ಕಾಲಿನ ಜೊತೆ ನಡೆಯುತ್ತದೆ.

ಅಗಲ ಸಾಲದೆಂದು ಒಂದು ನಂಬರ್ ಮೇಲೆ ಹೋದಾಗ ಏನಾಗುತ್ತದೆ ನೋಡಿ. ಉದ್ದ ಎಂಟೂವರೆ ಮಿ.ಮೀ. ಹೆಚ್ಚುತ್ತದೆ. ಅಡಿಯ ಅಗಲ ಹೆಚ್ಚುವುದು ಸುಮಾರು ಎರಡು ಮಿ.ಮೀ. ಮಾತ್ರ. ಅದರ ಜೊತೆಗೆ ಶೂವಿನ ಅಗಲದ ಜಾಗ ನಿಮ್ಮ ಗೆಣ್ಣನ್ನು ದಾಟಿ ಮುಂದೆ ಹೋಗುತ್ತದೆ. ಗೆಣ್ಣು ಈಗಲೂ ಇಕ್ಕಟ್ಟಿನಲ್ಲೇ ಇದೆ, ಹಿಮ್ಮಡಿ ಮಾತ್ರ ಸಡಿಲವಾಗಿದೆ. ಕಳಚಿ ಬೀಳದಿರಲೆಂದು ಬೆರಳುಗಳು ನಿಮಗೆ ಅರಿವಿಲ್ಲದೆಯೇ ಮಡಚಿಕೊಂಡು ಶೂವನ್ನು ಹಿಡಿಯುತ್ತವೆ. ಮಡಚಿದ ಬೆರಳಿನ ಗಂಟು ಶೂವಿನ ಮೇಲ್ಭಾಗಕ್ಕೆ ಉಜ್ಜುತ್ತದೆ, ಅಲ್ಲಿ ಆಣಿ ಬೆಳೆಯುತ್ತದೆ. ಹೀಲ್ಸ್ ಆದರೆ ಇನ್ನೂ ಕಷ್ಟ: ಸಡಿಲವಾದ ಪಾದ ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಚೂಪು ತುದಿಗೆ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ ಅದರ ಬುಡ ಹೊರಗೆ ಉಬ್ಬುವ ತೊಂದರೆ ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಇಕ್ಕಟ್ಟಾದ ಶೂ ಅದನ್ನು ಹೆಚ್ಚಿಸುತ್ತದೆ. ಒಮ್ಮೆ ವಾಲಿದ ಬೆರಳನ್ನು ಅಗಲದ ಶೂ ನೆಟ್ಟಗೆ ಮಾಡಲಾರದು, ನೋವು ಕಡಿಮೆ ಮಾಡಬಲ್ಲದು ಅಷ್ಟೇ.

ಹಾಗಾದರೆ ಮಾಡಬೇಕಾದದ್ದು ಏನು? ನಂಬರ್ ಹಾಗೇ ಇರಲಿ, ಶೂ ಬದಲಿಸಿ.

• ಮೂತಿ ಬದಲಿಸಿ. ಚೂಪು ಮೂತಿಯ ಬದಲು ದುಂಡು ಅಥವಾ ಚೌಕ ಮೂತಿ ಕೇಳಿ. ಚೂಪೇ ಬೇಕಾದರೆ, ಬೆರಳುಗಳು ಮುಗಿದ ಮೇಲೆ ಚೂಪು ಶುರುವಾಗುವಂತಿರಬೇಕು.
• ಅಗಲದ ಅಕ್ಷರ ಕೇಳಿ. ಬ್ರಿಟಿಷ್ ಪದ್ಧತಿಯ ಮಹಿಳೆಯರ ಶೂಗಳಲ್ಲಿ ‘ಡಿ’ ಸಾಮಾನ್ಯ, ‘ಇ’ ಅಗಲ, ‘ಇಇ’ ಇನ್ನೂ ಅಗಲ. ಎಲ್ಲ ಕಂಪನಿಗಳಲ್ಲೂ ಸಿಗುವುದಿಲ್ಲ, ಆದರೆ ಕೇಳುವವರು ಹೆಚ್ಚಿದರೆ ತರಿಸುತ್ತಾರೆ.
• ಬಕಲ್, ಲೇಸ್ ಅಥವಾ ವೆಲ್ಕ್ರೋ ಇರುವ ವಿನ್ಯಾಸ ಆರಿಸಿ. ಪಟ್ಟಿಯನ್ನು ಸಡಿಲಿಸಬಹುದು, ಬೆಲ್ಲೀಸನ್ನು ಸಡಿಲಿಸಲಾಗದು.
• ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ’ ಎಂಬ ಮಾತನ್ನು ರೆಕ್ಸಿನ್ ಶೂ ವಿಷಯದಲ್ಲಿ ನಂಬಬೇಡಿ. ನಿಜವಾದ ಚರ್ಮ ಅಗಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಅನುಭವಿ ಚಪ್ಪಲಿ ಹೊಲಿಯುವವರು ಅಚ್ಚು ಹಾಕಿ ಇನ್ನಷ್ಟು ಹಿಗ್ಗಿಸಿಕೊಡುತ್ತಾರೆ. ಉದ್ದ ಮಾತ್ರ ಯಾವುದರಲ್ಲೂ ಹಿಗ್ಗುವುದಿಲ್ಲ.

ಪರೀಕ್ಷೆ ಸುಲಭ. ಶೂ ಹಾಕಿ ನಿಂತು, ತುದಿಗಾಲಿನ ಮೇಲೆ ಏಳಿ. ಶೂ ನಿಮ್ಮ ಗೆಣ್ಣಿನಲ್ಲೇ ಮಡಿಯಬೇಕು. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂ.ಮೀ. ಜಾಗವಿರಬೇಕು. ಎಲ್ಲ ಬೆರಳುಗಳನ್ನೂ ಅಲ್ಲಾಡಿಸಲು ಬರಬೇಕು. ಹಿಮ್ಮಡಿ ಏಳಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಎದ್ದು ಬನ್ನಿ. ಮೂವತ್ತು ಜೋಡಿ ತೆಗೆಸಿ ನೋಡಿ ಬರಿಗೈಲಿ ಹೋಗುವುದು ಹೇಗೆಂಬ ದಾಕ್ಷಿಣ್ಯಕ್ಕೆ ಕೊಂಡ ಶೂ ಕೊನೆಗೆ ಮಂಚದ ಕೆಳಗೇ ಉಳಿಯುತ್ತದೆ.

ಹಂತ 4: ಹೀಲ್ಸ್ ಕೊಳ್ಳುವಾಗ

ಹೀಲ್ಸ್ ಬೇಡವೇ ಬೇಡ ಎನ್ನುವವಳು ನಾನಲ್ಲ. ಚೆಂದದ ಹೀಲ್ಸ್ ಹಾಕಿದಾಗಿನ ಖುಷಿ ದೊಡ್ಡದು. ಹೀಲ್ಸ್ ಎತ್ತರವಾದಷ್ಟೂ ದೇಹದ ಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ ಎಂಬುದನ್ನು ತಿಳಿದುಕೊಳ್ಳಿ, ಅಷ್ಟೇ. ಆಫೀಸಿಗೆ ನಿತ್ಯ ಹಾಕಲು ಐದು ಸೆಂ.ಮೀ. ದಾಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎತ್ತರವನ್ನು ಹಿಂದಿನಿಂದ ಮಾತ್ರ ಅಳೆಯಬೇಡಿ. ಹಿಂದೆ 9, ಮುಂದಿನ ಅಟ್ಟೆ 2 ಸೆಂ.ಮೀ. ಇದ್ದರೆ ಕಾಲಿಗೆ ಸಿಗುವ ಇಳಿಜಾರು 7 ಮಾತ್ರ. ಆದರೆ ದಪ್ಪ ಅಟ್ಟೆಯಲ್ಲಿ ನೆಲ ಕಾಲಿಗೆ ತಿಳಿಯುವುದಿಲ್ಲ, ಕಾಲು ಉಳುಕುವುದು ಸುಲಭ.

ಹೀಲ್ಸ್‌ನ ಜೀವ ಇರುವುದು ಒಳಗೆ. ಹಿಮ್ಮಡಿಗೂ ಪಾದದ ಮುಂಭಾಗಕ್ಕೂ ನಡುವೆ ಅಟ್ಟೆಯೊಳಗೆ ಒಂದು ಗಟ್ಟಿ ಪಟ್ಟಿ, ಹೆಚ್ಚಾಗಿ ಉಕ್ಕಿನದು, ಅಡಗಿರುತ್ತದೆ. ಪೆನ್ಸಿಲ್ ಹೀಲ್ಸ್ 1950ರ ದಶಕದಲ್ಲಿ ಸಾಧ್ಯವಾದದ್ದು ಹೀಲಿನೊಳಗೂ ಲೋಹ ಬಂದ ಮೇಲೆ. ಆಗ ಡಿಯೋರ್ ಸಂಸ್ಥೆಗೆ ಶೂ ವಿನ್ಯಾಸ ಮಾಡುತ್ತಿದ್ದ ರೋಜೆ ವಿವಿಯೆ ಅದನ್ನು ಜನಪ್ರಿಯಗೊಳಿಸಿದರು. ಅಗ್ಗದ ಹೀಲ್ಸ್‌ನಲ್ಲಿ ಮೊದಲು ಕೈಕೊಡುವುದು ಈ ಒಳಪಟ್ಟಿಯೇ. ಶೂವನ್ನು ಎರಡು ಕೈಲಿ ಹಿಡಿದು ಬಾಗಿಸಿ: ಮುಂಭಾಗ ಬಾಗಬೇಕು, ನಡುಭಾಗ ಬಾಗಬಾರದು, ತಿರುಚಿದರೂ ಅಲುಗಬಾರದು. ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿ, ತೂಗಾಡಿದರೆ ಬಿಡಿ. ಹೀಲ್ ನಿಮ್ಮ ಹಿಮ್ಮಡಿಯ ನಡುವಿಗೇ ನೇರವಾಗಿ ಆಧಾರ ಕೊಡಬೇಕು, ತೀರಾ ಹಿಂದಕ್ಕೆ ಸರಿದಿರಬಾರದು. ಅಂಗಡಿಯ ಕಾರ್ಪೆಟ್ ಮೇಲೆ ಯಾವ ಹೀಲ್ಸೂ ಹಿತವೇ, ಆದ್ದರಿಂದ ಟೈಲ್ಸ್ ಮೇಲೆ ನಡೆದು, ಹತ್ತು ನಿಮಿಷ ನಿಂತು ನೋಡಿ.

ಮದುವೆಯ ಹೀಲ್ಸ್ ಕೊಳ್ಳುವ ಹುಡುಗಿಯರಿಗೆ ಒಂದು ಮಾತು. ಮುಹೂರ್ತ ಬರಿಗಾಲಿನಲ್ಲಿ ಮುಗಿಯುತ್ತದೆ, ಹೀಲ್ಸ್ ಬೇಕಾಗುವುದು ಆರತಕ್ಷತೆಗೆ. ಅಲ್ಲಿ ಮೂರು ಗಂಟೆ ಅಲುಗದೆ ನಿಂತಿರಬೇಕು, ಅದೂ ಹಲಗೆ ಜೋಡಿಸಿ ಕಾರ್ಪೆಟ್ ಹಾಸಿದ ವೇದಿಕೆಯ ಮೇಲೆ. ಪೆನ್ಸಿಲ್ ಹೀಲ್ ಹಲಗೆಯ ಸಂದಿಗೆ ಇಳಿಯುತ್ತದೆ, ಲಾನ್ ಆದರೆ ಮಣ್ಣಿಗೆ ಇಳಿಯುತ್ತದೆ. ಬ್ಲಾಕ್ ಹೀಲ್ಸ್ ಅಥವಾ ವೆಡ್ಜಸ್ ತೆಗೆದುಕೊಳ್ಳಿ, ರೇಷ್ಮೆ ಸೀರೆಯ ನೆರಿಗೆಯಡಿ ಹೀಲಿನ ಆಕಾರ ಯಾರಿಗೂ ಕಾಣುವುದಿಲ್ಲ. ಹೀಲ್ಸ್ ಹಾಕಿಕೊಂಡೇ ಸೀರೆ ಉಡಿಸಿಕೊಳ್ಳಿ. ಇಲ್ಲದಿದ್ದರೆ ಅಂಚು ಮೇಲೇರಿ ಕಾಣುತ್ತದೆ, ಕೊನೇ ಗಳಿಗೆಯಲ್ಲಿ ಮತ್ತೆ ಉಡಬೇಕಾಗುತ್ತದೆ.

ಹಂತ 5: ಹೆಸರಾಂತ ಡಿಸೈನರ್‌ಗಳ ಶೂ

ಕ್ರಿಶ್ಚಿಯನ್ ಲೂಬುಟಾನ್ ಅವರ ಕೆಂಪು ಅಟ್ಟೆ, ಮನೋಲೋ ಬ್ಲಾನಿಕ್ ಅವರ ಹೊಳೆಯುವ ಬಕಲ್, ಜಿಮ್ಮಿ ಚೂ ಹೆಸರಿನ ಪಾರ್ಟಿ ಹೀಲ್ಸ್: ಇವಕ್ಕೆ ದುಡ್ಡು ಕೊಡುವವರು ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದಿರಬೇಕು. ಒಳ್ಳೆಯ ಚರ್ಮ, ಅಚ್ಚುಕಟ್ಟಾದ ಅಚ್ಚು, ನುರಿತ ಕೈಕೆಲಸ, ಅದರ ಮೇಲೆ ಹೆಸರು. ಬೆಲೆ ಏರಿದಂತೆ ಹಿತವೂ ಏರುತ್ತದೆ ಎಂಬ ನಂಬಿಕೆ ತಪ್ಪು. ಲೂಬುಟಾನ್ ಅವರ ‘ಸೋ ಕೇಟ್’ ಹೀಲ್ 12 ಸೆಂ.ಮೀ. ಎತ್ತರ, ಮೂತಿ ಚೂಪು. ಎಷ್ಟು ಹಣ ಕೊಟ್ಟರೂ ಅಗಲ ಪಾದ ಅದರೊಳಗೆ ಸುಖವಾಗಿರದು. ಈ ಶೂಗಳಲ್ಲಿ ಅರ್ಧ ನಂಬರ್ ಕೂಡ ಸಿಗುತ್ತದೆ. 37.5 ಸಹ ಹಾಕಿ ನೋಡದೆ ಬಿಡಬೇಡಿ. ಕೆಂಪು ಬಣ್ಣ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ತೆಳು ರಬ್ಬರ್ ಅಟ್ಟೆ ಮೊದಲೇ ಹಾಕಿಸಿಕೊಳ್ಳಿ. ಆ ಕೆಂಪು ಅಟ್ಟೆಯನ್ನು ದೆಹಲಿ ಹೈಕೋರ್ಟ್ 2017ರಲ್ಲಿ ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಎಂದು ಮಾನ್ಯ ಮಾಡಿದೆ. ನಕಲಿಗೆ ದುಡ್ಡು ಹಾಕಬೇಡಿ, ಅದರಲ್ಲಿ ಒಳಪಟ್ಟಿ ಹೇಗಿದೆಯೋ ಹೇಳುವವರಿಲ್ಲ.

ದುಬಾರಿ ಶೂ ಕನಸು ಕಾಣುವವರು ಕೊಲ್ಹಾಪುರಿ ಚಪ್ಪಲಿ ಹೊಲಿಯುವ ನಮ್ಮ ಅಥಣಿ, ನಿಪ್ಪಾಣಿಯ ಕಡೆಗೂ ನೋಡಬೇಕು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಫ್ಯಾಷನ್ ಕಂಪನಿ ಇದೇ ಮಾದರಿಯ ಚಪ್ಪಲಿ ತೋರಿಸಿ, ಮೂಲ ಹೇಳದೆ ಟೀಕೆಗೆ ಒಳಗಾಯಿತು. ಅಸಲಿ ಕೊಲ್ಹಾಪುರಿ ಕೊಳ್ಳುವಾಗ ನಿಯಮ ತುಸು ಬೇರೆ: ಅದರ ಚರ್ಮ ಹಿಗ್ಗುವುದರಿಂದ ಪಟ್ಟಿ ಸ್ವಲ್ಪ ಬಿಗಿಯಾಗಿಯೇ ಇರಲಿ. ಮೊದಲ ಕೆಲವು ದಿನ ಎಣ್ಣೆ ಸವರಿ ಮನೆಯಲ್ಲೇ ಹಾಕಿ. ಮಳೆಗೆ ಒಡ್ಡಬೇಡಿ.

ಕೊನೆಯದಾಗಿ

ಆನ್‌ಲೈನ್‌ನಲ್ಲಿ ಕೊಳ್ಳುವವರು ನಂಬರ್ ಬಿಟ್ಟು ಸೆಂ.ಮೀ. ಪಟ್ಟಿ ನೋಡಿ, ಸಂಜೆ ಮನೆಯೊಳಗೆ ಹಾಕಿ ನೋಡಿ, ವಾಪಸ್ ಅವಧಿ ಮುಗಿಯುವ ಮೊದಲೇ ತೀರ್ಮಾನಿಸಿ. ಒಂದೇ ಜೋಡಿ ನಿತ್ಯ ಬೇಡ, ಬೆವರು ಆರಲು ಒಂದು ದಿನ ಬಿಡಿ. ಹೀಲಿನ ತುದಿಯ ರಬ್ಬರ್ ಸವೆದು ಮೊಳೆ ಕಾಣುವ ಮೊದಲೇ ಬದಲಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ಲೇಖನ ಸಾಲದು: ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಶೂ ಕಚ್ಚಿದ್ದೇ ತಿಳಿಯುವುದಿಲ್ಲ, ಗುಳ್ಳೆ ಹುಣ್ಣಾಗುತ್ತದೆ. ಅಂಥವರು ವೈದ್ಯರಿಗೆ ಪಾದ ತೋರಿಸಿ, ಅವರು ಹೇಳಿದ ಎಂಸಿಆರ್ (ಮೃದು ರಬ್ಬರ್) ಚಪ್ಪಲಿ ಅಥವಾ ಶೂ ಮಾತ್ರ ಕೊಳ್ಳಿ, ದಿನವೂ ರಾತ್ರಿ ಅಂಗಾಲು ಮತ್ತು ಬೆರಳ ಸಂದಿ ನೋಡಿಕೊಳ್ಳಿ.