ಮಳೆಗಾಲಕ್ಕೂ ನಿಲ್ಲದ ವ್ಯಾಯಾಮ ಹೇಗೆ?

ಜನವರಿ ಬಂತೆಂದರೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಎಲ್ಲ ಕಡೆ ಬೆಳಬೆಳಗ್ಗೆ ಹೊಸ ಮುಖಗಳು. ಜೂನ್‌ನಲ್ಲಿ ಮಳೆ ಹಿಡಿಯಿತೋ, ಬಹಳ ಮಂದಿ ನಾಪತ್ತೆ. ದೀಪಾವಳಿ ಮುಗಿದ ಮೇಲೆ ಮತ್ತೆ ಹೊಸ ಬೂಟು, ಹೊಸ ಸಂಕಲ್ಪ. ವರ್ಷವರ್ಷವೂ ಮೊದಲಿನಿಂದ ಶುರು ಮಾಡಿದರೆ ದೇಹ ಗಟ್ಟಿಯಾಗುವುದು ಯಾವಾಗ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು, ಕನಿಷ್ಠ 2 ದಿನ ಸ್ನಾಯು ಬಲಪಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ದಿನಕ್ಕೆ 30 ನಿಮಿಷದಂತೆ 5 ದಿನ ನಡೆದರೆ 150 ಆಯಿತು. ಹತ್ತು ಸಾವಿರ ಹೆಜ್ಜೆಯ ಲೆಕ್ಕಕ್ಕೆ ಹೆದರಬೇಡಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಬಳಸಿದ ಸಂಖ್ಯೆ ಅದು.

1. ಮೊದಲ ವಾರ 10 ನಿಮಿಷ ಸಾಕು

ಪ್ರತಿ ವಾರ 5 ನಿಮಿಷ ಏರಿಸಿ. ಐದನೇ ವಾರಕ್ಕೆ 30 ಮುಟ್ಟುತ್ತೀರಿ. ಅಲ್ಲಿಯವರೆಗೆ ಬೆಟ್ಟ ಬೇಡ. ಹತ್ತುವಾಗ ಏದುಸಿರು ಮಾತ್ರ, ಇಳಿದ ಮರುದಿನ ತೊಡೆ ಹಿಡಿದುಕೊಂಡು ಕೂರಬೇಕಾಗುತ್ತದೆ.

2. ವೇಗ ನೋಡಿಕೊಳ್ಳಿ

ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಿಂದುಸ್ತಾನಿ ಗಾಯಕರ ಊರಿನವರಿಗೆ ಈ ಅಳತೆ ಕಷ್ಟವಲ್ಲ. ರಾಜಕೀಯ ಚರ್ಚಿಸುತ್ತ ಐದು ಹೆಜ್ಜೆಗೊಮ್ಮೆ ನಿಲ್ಲುವ ಗುಂಪಿನಿಂದ ದೂರವಿರಿ.

3. ವಾರಕ್ಕೆರಡು ದಿನ ಸಾಮು

ಗರಡಿಮನೆಯ ದಂಡ, ಬೈಠಕ್‌ಗಳನ್ನೇ ಹಗುರ ಮಾಡಿಕೊಳ್ಳಿ. ಗೋಡೆಗೆ ಕೈಯೂರಿ 10 ದಂಡ, ಕುರ್ಚಿಯಿಂದ ಎದ್ದು ಕೂತು 10 ಬೈಠಕ್. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಎರಡು ಸಾಮಿನ ನಡುವೆ ಒಂದು ದಿನ ಬಿಡಿ.

4. ಮಳೆಗೆ ಮೊದಲೇ ಸಿದ್ಧರಾಗಿ

ಹೆಚ್ಚಿನವರು ಎಡವುವುದು ಇಲ್ಲೇ. ಬೆಳಗ್ಗೆ ಆರಕ್ಕೆ ಕಿಟಕಿ ತೆರೆದು, ಜಿಟಿಜಿಟಿ ಮಳೆ ನೋಡಿ, ಮತ್ತೆ ಹೊದ್ದು ಮಲಗುತ್ತಾರೆ. ಒಂದು ದಿನ ಹೋದರೆ ಏನೂ ಆಗದು. ಆದರೆ ನಮ್ಮಲ್ಲಿ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಅಷ್ಟರಲ್ಲಿ ರೂಢಿಯೇ ತಪ್ಪಿರುತ್ತದೆ.

ಅದಕ್ಕೆ ಒಂದೇ ನಿಯಮ: ಹೊರಗೆ 30 ನಿಮಿಷ ಆಗದಿದ್ದರೆ ಒಳಗೆ 10. ನಿಂತಲ್ಲೇ ಮೊಣಕಾಲು ಎತ್ತಿ 4 ನಿಮಿಷ ನಡಿಗೆ, 3 ನಿಮಿಷ ದಂಡ-ಬೈಠಕ್, ಮತ್ತೆ 3 ನಿಮಿಷ ನಡಿಗೆ. ಇದನ್ನು ಮಳೆ ಬಂದ ಮೇಲೆ ಕಲಿಯುತ್ತೇನೆಂದರೆ ಆಗದು. ಬಿಸಿಲು ಇರುವಾಗಲೇ ವಾರಕ್ಕೊಂದು ದಿನ ಮನೆಯೊಳಗೆ ಮಾಡಿ ರೂಢಿಸಿಕೊಳ್ಳಿ.

ಬೆಳಗ್ಗೆಯೇ ಆಗಬೇಕೆಂಬ ಹಟವೂ ಬೇಡ. ಸಂಜೆ ಮಳೆ ಬಿಡುವು ಕೊಟ್ಟರೆ ಆಗಲೇ ಹೊರಡಿ. ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ. ಪಾಚಿ ಕಟ್ಟಿದ ಕಲ್ಲುಹಾಸು, ಕೆಸರಾದ ಕೆಂಪುಮಣ್ಣಿನ ಹಾದಿ ಮಾತ್ರ ಬೇಡ. ತಪ್ಪಿದ ದಿನಗಳ ಬಾಕಿಯನ್ನು ಭಾನುವಾರ ಒಟ್ಟಿಗೆ ತೀರಿಸಲೂ ಹೋಗಬೇಡಿ. ಎರಡು ವಾರ ಪೂರ್ತಿ ಬಿಟ್ಟುಹೋಗಿದ್ದರೆ ಅರ್ಧ ಹೊತ್ತಿನಿಂದ ಮತ್ತೆ ಏರಿಸಿ.

5. ಊಟ, ನಿದ್ದೆ

ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೌತೆಕಾಯಿ, ಮೂಲಂಗಿ ಇರುವ ನಮ್ಮ ತಾಟು ಚೆನ್ನಾಗಿಯೇ ಇದೆ; ಡಬ್ಬಿ ಪುಡಿಗಳಿಗೆ ದುಡ್ಡು ಸುರಿಯಬೇಡಿ. ವಾಕಿಂಗ್ ಮುಗಿಸಿ ನೇರ ಗಿರಮಿಟ್-ಮಿರ್ಚಿ ಅಂಗಡಿಗೆ ಹೋಗುವುದು ವಾರಕ್ಕೊಮ್ಮೆ ಸಾಕು. ಚಹಾದ ಸಕ್ಕರೆ ತಗ್ಗಿಸಿ. 7 ಗಂಟೆ ನಿದ್ದೆ ಮಾಡಿ.

ಗಮನಿಸಿ: ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.