ಕೋಳಿ–ಸೀಗಡಿ ನೂಡಲ್ಸ್: ಬಾಣಲೆಯ ಸರದಿ ಮತ್ತು ಆರೋಗ್ಯ

ಕೊಂಢವಾದಲ್ಲಿ ಸಂಜೆಯ ಹೊತ್ತು ಕೌಸರ್ ಬಾಗ್ ಕಡೆಗೆ ನಡೆದುಹೋದರೆ ಸೋಯಾ ಸಾಸಿನ ಘಮವು ದೂರದಿಂದಲೇ ಎದುರುಗೊಳ್ಳುತ್ತದೆ. ಕಲ್ಕತ್ತೆಯಲ್ಲಿ ನೆಲೆಸಿದ ಚೀನೀಯರ ಅಡಿಗೆಮನೆಯಿಂದ ಭಾರತದ ಪೇಟೆಗಳಿಗೆ ಹಬ್ಬಿದ ನೂಡಲ್ಸು, ಒತ್ತು ಶ್ಯಾವಿಗೆ ಉಂಡು ಬೆಳೆದ ನಮ್ಮಂಥ ಕರಾವಳಿಯವರ ಮನೆಗಳನ್ನೂ ಪ್ರವೇಶಿಸಿದೆ. ಕೋಳಿ, ಸೀಗಡಿ, ತರಕಾರಿ ಮೂರೂ ಕೂಡಿದರೆ ಮಕ್ಕಳಿಗೆ ಹಬ್ಬವೇ ಸರಿ. ಆದರೆ ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಬೇಯಿಸಬೇಕೆಂಬುದು ಕೇವಲ ರುಚಿಯ ಪ್ರಶ್ನೆಯಲ್ಲ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಇದನ್ನು ಕಲಿತದ್ದು ಸ್ವಂತ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಕುಟುಂಬವನ್ನು ಊಟಕ್ಕೆ ಕರೆದಿದ್ದೆವು. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಹುರಿದಾಗಿತ್ತು. ಬಡಿಸುವಾಗ ಆ ತಾಯಿ, ಮಗನಿಗೆ ಸೀಗಡಿ ಒಗ್ಗದೆಂದರು. ನಾನು ಸೀಗಡಿಯ ತುಂಡುಗಳನ್ನು ಆರಿಸಿ ತೆಗೆದು ಉಳಿದುದನ್ನು ಬಡಿಸಿದೆ. ಕಾಲು ಗಂಟೆಯೊಳಗೆ ಹುಡುಗನ ತುಟಿ ಊದಿ, ಮೈಮೇಲೆ ದದ್ದುಗಳೆದ್ದು, ಉಸಿರಾಟ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟ ಬಳಿಕ ಚೇತರಿಸಿಕೊಂಡನು. ಒಗ್ಗದಿಕೆಗೆ ಕಾರಣವಾದ ಸೀಗಡಿಯ ಪ್ರೋಟೀನು ಬೇಯಿಸಿದರೂ ನಾಶವಾಗದು, ಅದು ಎಣ್ಣೆ ಸಾಸುಗಳೊಡನೆ ಎಲ್ಲೆಡೆ ಸೇರಿರುತ್ತದೆ ಎಂದು ವೈದ್ಯರು ವಿವರಿಸಿದರು. ಅಂದಿನಿಂದ ನಮ್ಮ ಮನೆಯ ಕ್ರಮ ಹೀಗಿದೆ.

ನಾಲ್ವರಿಗೆ ಬೇಕಾದುವು: ನೂಡಲ್ಸ್ 200 ಗ್ರಾಂ, ಮೂಳೆಯಿಲ್ಲದ ಕೋಳಿಮಾಂಸ 150 ಗ್ರಾಂ, ಸಿಪ್ಪೆ ಮತ್ತು ಬೆನ್ನಿನ ಕರಿನರ ತೆಗೆದ ಸೀಗಡಿ 150 ಗ್ರಾಂ, ಎಲೆಕೋಸು, ಗಜ್ಜರಿ, ಬೀನ್ಸ್, ದೊಣ್ಣೆಮೆಣಸಿನಕಾಯಿ ಸೇರಿ 3 ಬಟ್ಟಲು, ಬೆಳ್ಳುಳ್ಳಿ, ಶುಂಠಿ, ಈರುಳ್ಳಿಸೊಪ್ಪು, ಎಣ್ಣೆ 2 ದೊಡ್ಡ ಚಮಚ, ಸೋಯಾ ಸಾಸ್ 1 ದೊಡ್ಡ ಚಮಚ, ವಿನಿಗರ್ 1 ಸಣ್ಣ ಚಮಚ, ಕಾಳುಮೆಣಸಿನ ಪುಡಿ.

1. ತರಕಾರಿಗಳನ್ನು ಮೊದಲು ಹೆಚ್ಚಿಟ್ಟುಕೊಳ್ಳಿರಿ. ಹಸಿಮಾಂಸಕ್ಕೆ ಬೇರೆ ಹಲಗೆ, ಬೇರೆ ಚಾಕು ಇರಲಿ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಚಿಮ್ಮುವ ಹನಿಗಳಿಂದ ರೋಗಾಣುಗಳು ಸುತ್ತಲೂ ಹರಡುತ್ತವೆ.

2. ನೂಡಲ್ಸನ್ನು ಉಪ್ಪಿಲ್ಲದ ನೀರಿನಲ್ಲಿ ತುಸು ಬಿರುಸಾಗಿ ಬೇಯಿಸಿ, ಬಸಿದು, ಸ್ವಲ್ಪ ಎಣ್ಣೆ ಸವರಿಡಿರಿ.

3. ಶುದ್ಧವಾದ ಬಾಣಲೆಯಲ್ಲಿ ದೊಡ್ಡ ಉರಿಯ ಮೇಲೆ ಬೆಳ್ಳುಳ್ಳಿ, ಶುಂಠಿ, ತರಕಾರಿಗಳನ್ನು ಎರಡು ಮೂರು ನಿಮಿಷ ಹುರಿದು, ನೂಡಲ್ಸ್, ಸಾಸ್, ವಿನಿಗರ್, ಮೆಣಸಿನ ಪುಡಿ ಸೇರಿಸಿರಿ. ಸಸ್ಯಾಹಾರಿಗಳ ಹಾಗೂ ಸೀಗಡಿ ಒಗ್ಗದವರ ಪಾಲನ್ನು ಈಗಲೇ ತೆಗೆದು ಮುಚ್ಚಿಡಿರಿ.

4. ಅನಂತರ ಕೋಳಿಯ ತೆಳು ತುಂಡುಗಳನ್ನು ಹುರಿಯಿರಿ. ಒಳಗಿನ ಗುಲಾಬಿ ಬಣ್ಣ ಪೂರ್ತಿ ಹೋಗಬೇಕು.

5. ಸೀಗಡಿಯ ಸರದಿ ಕಟ್ಟಕಡೆಯದು. ಎರಡು ಮೂರು ನಿಮಿಷದಲ್ಲಿ ಅದು ಕೆಂಪೇರಿ, ಪಾರದರ್ಶಕತೆ ಕಳೆದುಕೊಂಡು ಬಾಗುತ್ತದೆ. ಹೆಚ್ಚು ಬೆಂದರೆ ರಬ್ಬರಿನಂತಾಗುವುದು. ಇವನ್ನು ಉಳಿದ ನೂಡಲ್ಸಿಗೆ ಬೆರೆಸಿ ಈರುಳ್ಳಿಸೊಪ್ಪು ಉದುರಿಸಿರಿ. ಬಡಿಸುವ ಸೌಟುಗಳೂ ಬೇರೆಬೇರೆ ಇರಬೇಕು.

ಉಪ್ಪಿನ ಲೆಕ್ಕವನ್ನೂ ಮರೆಯಬಾರದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿಯೇ ಸುಮಾರು 2 ಗ್ರಾಂ ಉಪ್ಪಿರುತ್ತದೆ. ಆದ್ದರಿಂದ ಬೇರೆ ಉಪ್ಪು ಬೇಡ. ರಕ್ತದೊತ್ತಡವುಳ್ಳವರು ಸಾಸನ್ನು ಇನ್ನೂ ತಗ್ಗಿಸಿ ನಿಂಬೆರಸ ಹಿಂಡಿಕೊಳ್ಳಬಹುದು. ಉಳಿದ ನೂಡಲ್ಸನ್ನು ಎರಡು ಗಂಟೆಯೊಳಗಾಗಿ ಶೀತಪೆಟ್ಟಿಗೆಯಲ್ಲಿಡಬೇಕು. ಹೊರಗೆ ಉಳಿದ ಅನ್ನ, ನೂಡಲ್ಸುಗಳಲ್ಲಿ ಬೆಳೆಯುವ ಕೆಲವು ಸೂಕ್ಷ್ಮಾಣುಗಳ ವಿಷವು ಮತ್ತೆ ಬಿಸಿಮಾಡಿದರೂ ಹೋಗದು.

ಊಟದ ಬಳಿಕ ಯಾರಿಗಾದರೂ ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಅದಕ್ಕೂ ಮುನ್ನ, ಊಟಕ್ಕೆ ಕರೆಯುವಾಗಲೇ "ಯಾವುದಾದರೂ ಒಗ್ಗದೆ?" ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿ. ಆ ಹುಡುಗ ಈಗಲೂ ನಮ್ಮ ಮನೆಗೆ ಬರುತ್ತಾನೆ. ಅವನ ಬಟ್ಟಲು ತುಂಬಿದ ಮೇಲೆಯೇ ಸೀಗಡಿಯನ್ನು ಶೀತಪೆಟ್ಟಿಗೆಯಿಂದ ಹೊರತೆಗೆಯುತ್ತೇವೆ.